ಕಟ್ಟೆಯ ಮೇಲೆ ಮೊದಲು ಮಾತಾಡಿದವರು

ನಾನು ನಿಂತಿದ್ದುದು ಹಾಸಿಗೆಯ ತಲೆಯ ಕಡೆ, ಗೋಡೆಗೂ ಆಕ್ಸಿಜನ್ ಕೊಳವೆಗೂ ನಡುವಿನ ಇಕ್ಕಟ್ಟಿನಲ್ಲಿ. ಶ್ರಾವಣದ ಒಂದು ಸೋಮವಾರ. ಹೊರರೋಗಿಗಳ ಸಾಲು ಆಗಷ್ಟೇ ಕಟ್ಟುತ್ತಿತ್ತು. ಅಣ್ಣ ಹಾಸಿಗೆಯ ಕಾಲ ಕಡೆ ನಿಂತಿದ್ದರು. ಎರಡೂ ಕೈ ಬೆನ್ನ ಹಿಂದೆ, ಬಲಗೈ ಎಡಗೈಯ ಮಣಿಕಟ್ಟನ್ನು ಹಿಡಿದಿತ್ತು. ನನ್ನ ಕಡೆಯಿಂದ ಕಾಣುತ್ತಿದ್ದುದು ಮೊಣಕೈಗಳು ಮಾತ್ರ. ಹಿಂದಿನಿಂದ ನೋಡಿದವರಿಗೆ ಅವರ ಎಡಗೈ ಹೆಬ್ಬೆರಳು ಕಾಣುತ್ತಿತ್ತು. ಅದರ ಉಗುರು ನಡುವೆ ಸೀಳಿ, ಎರಡು ಉಗುರಿನ ಹಾಗೆ ಬೆಳೆದಿತ್ತು. ಚಿಕ್ಕಂದಿನಲ್ಲಿ ಕುರಿಯ ಉಣ್ಣೆ ತೆಗೆಯುವಾಗ ಕತ್ತರಿ ತಾಗಿತ್ತಂತೆ.

ಆ ಬೆಳಿಗ್ಗೆಯ ಬಗ್ಗೆ ಬೇರೆ ಬೇರೆ ಮಾತುಗಳು ಓಡಾಡಿದವು. ಈಗಲೂ ಓಡಾಡುತ್ತವೆ. ಹಾಗಾಗಿ ನಾನು ಕಂಡಿದ್ದನ್ನಷ್ಟೇ ಬರೆಯುತ್ತೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆದೋನಿಯ ಸುತ್ತಿನ ಹಳ್ಳಿಗಳವರು ಬರುವ, ಡಾಕ್ಟರಿಕೆ ಕಲಿಸುವ ಒಂದು ಆಸ್ಪತ್ರೆ ಅಂದರೆ ಸಾಕು.

ನಮ್ಮ ಕಾಲೇಜುಗಳಲ್ಲಿ ಮೇಲಿನ ವರ್ಷದವರನ್ನು ಅಣ್ಣ, ಅಕ್ಕ ಎಂದೇ ಕರೆಯುವುದು. ನಾನು ತುರ್ತು ಚಿಕಿತ್ಸಾ ವಿಭಾಗಕ್ಕೆ ಸ್ನಾತಕೋತ್ತರ ಓದಿಗೆ ಸೇರಿದಾಗ ಅವರು ಕೊನೆಯ ವರ್ಷದಲ್ಲಿದ್ದರು, ಚೀಫ್ ರೆಸಿಡೆಂಟ್. ಅಂದರೆ ನಾವೆಲ್ಲ ಕಿರಿಯರು ಅವರ ಕೈಕೆಳಗೆ. ಡ್ಯೂಟಿ ಹಂಚುವುದು, ಕಲಿಸುವುದು, ಬೈಯುವುದು ಎಲ್ಲ ಅವರದೇ. ಪ್ರೊಫೆಸರ್ ದಿನಕ್ಕೊಮ್ಮೆ ರೌಂಡ್ಸಿಗೆ ಬಂದು ಹೋಗುತ್ತಿದ್ದರು. ನಾವು ಕಲಿತದ್ದು ಅಣ್ಣನ ಬಳಿ.

ಅಣ್ಣ ಚಿಪ್ಪಗಿರಿ ಕಡೆಯವರು, ಕುರಿ ಸಾಕುವ ಮನೆಯವರು. ವಾರ್ಡಿನಲ್ಲಿ ತೆಲುಗು ನಡೆಯುತ್ತಿತ್ತು. ಕನ್ನಡದ ಮನೆಯಿಂದ ಬಂದ ರೋಗಿಯನ್ನು ಕಂಡರೆ ಅವರ ನಾಲಿಗೆ ತಾನಾಗಿ ತಿರುಗುತ್ತಿತ್ತು. ನಾನು ಆದೋನಿಯ ವೈಷ್ಣವರ ಮನೆಯವನು, ನಮ್ಮ ತಾತ ಮಠದಲ್ಲಿ ಪಾಠ ಹೇಳುತ್ತಿದ್ದರು. ಇದು ಗೊತ್ತಾದ ದಿನದಿಂದ ಅಣ್ಣನ ಬಾಯಲ್ಲಿ ನನಗೆ ಆಚಾರಿ ಎಂಬ ಹೆಸರು ನಿಂತಿತು. ಬೈಯುವಾಗ ಮಾತ್ರ ಅದು ‘ಆಚಾರ್ರೇ’ ಆಗುತ್ತಿತ್ತು, ಬಹುವಚನದೊಂದಿಗೆ.

ಮೊದಲ ಸಲ ನನ್ನನ್ನು ಹಾಸಿಗೆಯ ಕಾಲ ಕಡೆ ನಿಲ್ಲಿಸಿದ ದಿನ ಶೇರ್ ಆಟೋ ಉರುಳಿ ಗಾಯಗೊಂಡ ಮುದುಕರೊಬ್ಬರು ಬಂದಿದ್ದರು. ಆ ಜಾಗದಲ್ಲಿ ನಿಂತವನು ರೋಗಿಯನ್ನು ಮುಟ್ಟಕೂಡದು. ಎಲ್ಲರನ್ನೂ ನೋಡಬೇಕು, ಯಾರು ಏನು ಮಾಡಬೇಕೆಂದು ಹೇಳಬೇಕು. ನಾನು ಗಟ್ಟಿಯಾಗಿ, ಆಕ್ಸಿಜನ್ ಹಾಕಿ, ರಕ್ತನಾಳಕ್ಕೆ ಲೈನ್ ಹಾಕಿ, ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಿ ಎಂದೆ. ಇಬ್ಬರು ಮಾಸ್ಕಿಗೆ ಓಡಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಕುತ್ತಿಗೆಯನ್ನು ಯಾರೂ ಹಿಡಿಯಲಿಲ್ಲ. ಅಣ್ಣ ನನ್ನ ಹಿಂದಿನಿಂದ ಮೆಲ್ಲಗೆ ಕೇಳಿದರು.

“ಏನ್ ಆಚಾರ್ರೇ, ಮಂತ್ರ ಹೇಳ್ದಂಗ ಹೇಳಾಕತ್ತೀರಿ. ಯಾರಿಗೆ ಹೇಳಿದ್ರಿ?”

ಮುದುಕರನ್ನು ಸ್ಕ್ಯಾನಿಗೆ ಕಳಿಸಿದ ಮೇಲೆ ಬಿಡಿಸಿ ಹೇಳಿದರು. ಗಾಳಿಗೆ ಹೇಳಬ್ಯಾಡ, ಮನಿಷ್ಯಾಗ ಹೇಳು. ಹೆಸರು ಹಿಡಿದು ಕರಿ, ಕಣ್ಣು ನೋಡು, ಅವ ಆತು ಅಂದಮ್ಯಾಗ ಮುಂದಿಂದು ಹೇಳು. ಕೈ ಯಾಕೆ ಹಿಂದೆ ಕಟ್ಟಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ, ಬಿಟ್ಟರೆ ಅವು ಸುಮ್ಮನೆ ಇರುವುದಿಲ್ಲ ಎಂದು ನಕ್ಕರು. “ಕುರಿ ಕಾಯಾಂವ ಹಿಂಡಿನ ನಡುವ ಹೋಗಿ ನಿಂದ್ರಂಗಿಲ್ಲೋ. ನಡುವ ನಿಂತ್ರ ಮುಂದಿನ ಎರಡು ಕುರಿ ಬಿಟ್ಟು ಮತ್ತೇನು ಕಾಣ್ತೈತಿ?”

ಅವರಲ್ಲಿ ಬೇಸರ ತರಿಸುವ ಗುಣಗಳೂ ಇದ್ದವು. ಊಟದ ಡಬ್ಬಿ ತೆರೆದಾಗಲೇ ಪ್ರಶ್ನೆ ಕೇಳುತ್ತಿದ್ದರು. ನಮ್ಮ ರಜೆಯನ್ನು ಮರೆಯುತ್ತಿದ್ದರು. ಹೊಗಳಿಕೆ ಅವರ ಬಾಯಿಂದ ಬರುತ್ತಿರಲಿಲ್ಲ. ಚೆನ್ನಾಗಿ ಮಾಡಿದರೆ, ಹ್ಞೂಂ, ನಡಿ ಎನ್ನುತ್ತಿದ್ದರು. ಆ ಹ್ಞೂಂಗೆ ನಾವು ಕಾಯುತ್ತಿದ್ದೆವು.

ಅವರು ತಂದ ಪದ್ಧತಿಯೊಂದಿತ್ತು. ನಾನು ಬರೆಯಬೇಕಾದದ್ದು ಅದರ ಬಗ್ಗೆಯೇ.

ಆಂಬುಲೆನ್ಸ್ ನಿಲ್ಲುವ ಶೆಡ್ಡಿನ ಪಕ್ಕ ನೀರಿನ ಟ್ಯಾಂಕು, ಅದರ ಸುತ್ತ ಬೇತಂಚರ್ಲದ ಕಲ್ಲು ಹಾಸಿದ ಮೊಳಕಾಲೆತ್ತರದ ಕಟ್ಟೆ. ಕೈಯಲ್ಲಿ ರೋಗಿ ತೀರಿಕೊಂಡರೆ, ಅಥವಾ ತೀರಿಕೊಳ್ಳುವವನು ಹೇಗೋ ಉಳಿದರೆ, ಕೈ ತೊಳೆದುಕೊಂಡು ಎಲ್ಲರೂ ಅಲ್ಲಿಗೆ ಹೋಗಬೇಕು. ಡಾಕ್ಟರು, ನರ್ಸು, ಸ್ಟ್ರೆಚರ್ ತಳ್ಳುವವರು, ಎಲ್ಲರೂ. ಅಲ್ಲಿ ಪ್ರತಿಯೊಬ್ಬರೂ ತಾನು ಮಾಡಿದ ಅಥವಾ ಮಾಡದೆ ಬಿಟ್ಟ ಒಂದು ಸಂಗತಿ ಹೇಳಬೇಕು. ತನ್ನ ಕೈಯದು ಮಾತ್ರ. ಇನ್ನೊಬ್ಬರ ಮಾತು ತೆಗೆಯಕೂಡದು. ಔಷಧಿ ಇರಲಿಲ್ಲ, ಲಿಫ್ಟ್ ಕೆಟ್ಟಿತ್ತು, ಮೇಲಿನವರು ಫೋನ್ ಎತ್ತಲಿಲ್ಲ ಎಂಬ ದೂರೂ ಅಲ್ಲಿ ಬರಕೂಡದು. ಅವನ್ನೆಲ್ಲ ಆಮೇಲೆ ಆಫೀಸಿಗೆ ಹೋಗಿ ಜಗಳಾಡಿ ಹೇಳುವುದು. ದೂರಿಗೆ ಬಾಯಿ ತೆರೆದರೆ ತಮ್ಮ ತಪ್ಪು ಯಾರೂ ಹೇಳುವುದಿಲ್ಲ ಎನ್ನುವುದು ಅಣ್ಣನ ಲೆಕ್ಕಾಚಾರ. ಮತ್ತೆ ಒಂದು ನಿಯಮ: ಎಲ್ಲರಿಗಿಂತ ದೊಡ್ಡ ಸ್ಥಾನದವರು ಮೊದಲು ಮಾತಾಡಬೇಕು. ಹಾಗಾಗಿ ಯಾವಾಗಲೂ ಅಣ್ಣನೇ ಮೊದಲು.

ಇದು ಕೆಲಸಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ. ಸಿಸ್ಟರ್ ಸುವಾರ್ತಮ್ಮ ನಮ್ಮ ವಿಭಾಗದ ಹಿರಿಯ ನರ್ಸ್. ಒಂದು ದಿನ ಕಟ್ಟೆಯ ಮೇಲೆ ಕೂತು, ಎರಡು ಔಷಧಿಗಳ ಸೀಸೆ ಒಂದೇ ತರ ಇರುವುದರಿಂದ ತಪ್ಪಿ ಬೇರೆಯದನ್ನು ಸಿರಿಂಜಿಗೆ ಎಳೆದಿದ್ದೆ, ಚುಚ್ಚುವ ಮುಂಚೆ ಕಣ್ಣಿಗೆ ಬಿತ್ತು ಎಂದರು. ಬೇರೆಡೆ ಆಗಿದ್ದರೆ ಅದನ್ನು ಯಾರೂ ಬಾಯಿ ಬಿಡುವುದಿಲ್ಲ. ಅಣ್ಣ ಎದ್ದು ಹೋಗಿ ಆ ಎರಡು ಔಷಧಿಗಳನ್ನು ಬೇರೆ ಬೇರೆ ಕಪಾಟಿಗೆ ಇಡಿಸಿದರು. ಮಹಬೂಬ್ ಭಾಯಿ ಸ್ಟ್ರೆಚರ್ ತಳ್ಳುವವರು, ಡಾಕ್ಟರರ ಮುಂದೆ ಕೂರಲೂ ಒಪ್ಪದವರು. ಅವರು ಕೂಡ ಕೆಲವು ತಿಂಗಳಾದ ಮೇಲೆ ಕಟ್ಟೆಯ ತುದಿಯಲ್ಲಿ ಕೂತು, ಇವತ್ತು ಸ್ಟ್ರೆಚರ್ ಬ್ರೇಕ್ ಹಾಕಾಕ ಮರ್ತಿದ್ದೆ ಸಾಬ್, ಎಂದು ನೆಲ ನೋಡಿಕೊಂಡು ಹೇಳಿದರು.

ಇದನ್ನು ಪ್ರೊಫೆಸರ್ ನೋಡಬೇಕೆಂದು ಅಣ್ಣನಿಗೆ ಆಸೆ. ದೊಡ್ಡವರು ಬಂದು ಕೂತು ತಮ್ಮದೊಂದು ತಪ್ಪು ಹೇಳಿದರೆ ಹುಡುಗರಿಗೆ ಇನ್ನಷ್ಟು ಧೈರ್ಯ ಬರುತ್ತದೆ, ನಾನು ಹೋದ ಮೇಲೂ ಇದು ನಡೆಯುತ್ತದೆ ಎನ್ನುತ್ತಿದ್ದರು. ಸುವಾರ್ತಮ್ಮ ಒಪ್ಪಲಿಲ್ಲ.

“ಆತನ್ನ ಕರೀಬ್ಯಾಡ್ರಿ ಡಾಕ್ಟರ್ ಬಾಬು. ಆತ ಕುಂತ್ರ ನಾ ಬಾಯಿ ತೆಗ್ಯಂಗಿಲ್ಲ.”

“ಗುರುಗಳು ಸಿಸ್ಟರಮ್ಮ. ಅವ್ರ ಕೈಯಾಗ ಕಲ್ತೀನಿ ನಾ.”

“ಕಲ್ಸ್ಯಾನ, ಅಲ್ಲ ಅನ್ನಂಗಿಲ್ಲ. ಕಲ್ಸಿದಾಂವ ಎಲ್ಲಾ ನಿಮ್ಮಂಗ ಇರ್ತಾನೇನು?”

ಅಣ್ಣ ನಕ್ಕರು. ಅಷ್ಟಕ್ಕೆ ಆ ಮಾತು ಮುಗಿಯಿತು.

ಆ ಸೋಮವಾರ ಕೌತಾಳಂ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿಯನ್ನು ತಂದರು. ಹೊಸದಾಗಿ ಹೊಲಿಗೆ ಕಲಿತು ಊರವರ ರವಿಕೆ ಹೊಲಿದುಕೊಡುತ್ತಿದ್ದವಳು. ತಂದೆ ಜೊತೆಗಿದ್ದ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದಳಂತೆ. ಊರಿನ ಹತ್ತಿರ ಯಾರೋ ಹೊಟ್ಟೆನೋವಿಗೆ ಸೂಜಿ ಹಾಕಿ ಬಾಟಲಿ ಏರಿಸಿದ್ದರು. ಅಣ್ಣ ಅವಳ ಹೆಸರು ಕೇಳಿದರು. ಅವಳು ಹೇಳಿದ ಮಾತು ಮೂಗಿನಿಂದ ಬಂತು. ಕಣ್ಣಿನ ರೆಪ್ಪೆ ಅರ್ಧ ಇಳಿದಿತ್ತು, ಎತ್ತು ಅಂದರೆ ಹಣೆ ಸುಕ್ಕಾಗುತ್ತಿತ್ತು, ರೆಪ್ಪೆ ಏಳುತ್ತಿರಲಿಲ್ಲ. ನೆಲದ ಮೇಲೆ ಮಲಗಿದ್ದಳಾ ಎಂದು ತಂದೆಯನ್ನು ಕೇಳಿದರು. ಹೌದೆಂದ. ಕಟ್ಟುಹಾವು ಎಂದರು ಅಣ್ಣ. ಅದು ಕಚ್ಚಿದರೆ ನೋವಿರುವುದಿಲ್ಲ, ಎಷ್ಟೋ ಸಲ ಗುರುತೂ ಸಿಗುವುದಿಲ್ಲ. ಮೊದಲು ರೆಪ್ಪೆ ಸೋಲುತ್ತದೆ, ಆಮೇಲೆ ಗಂಟಲು, ಆಮೇಲೆ ಉಸಿರು.

ವಿಷಕ್ಕೆ ಮದ್ದು ಕೂಡಲೇ ಶುರುವಾಯಿತು. ಆದರೆ ಉಸಿರು ಸೋತರೆ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕು, ಅದೂ ದಿನಗಟ್ಟಲೆ. ನಮ್ಮ ವಿಭಾಗದಲ್ಲಿದ್ದ ಎರಡು ವೆಂಟಿಲೇಟರುಗಳಲ್ಲಿ ಒಂದು ಬೇರೆ ರೋಗಿಯನ್ನು ಉಸಿರಾಡಿಸುತ್ತಿತ್ತು. ಇನ್ನೊಂದು ಬೇಸಿಗೆಯಿಂದ ಕೆಟ್ಟು ಮೂಲೆಯಲ್ಲಿತ್ತು, ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದ್ದರು. ಅದನ್ನು ರಿಪೇರಿ ಮಾಡಿಸಿ ಎಂದು ಅಣ್ಣ ಪ್ರೊಫೆಸರಿಗೆ ಹೇಳುವಾಗ ನಾನು ಜೊತೆಗಿದ್ದೆ, ಒಂದಕ್ಕಿಂತ ಹೆಚ್ಚು ಸಲ. ಅಣ್ಣ ಮೇಲಿನ ಐಸಿಯುಗೆ ಫೋನ್ ಮಾಡಿಸಿದರು. ಒಂದು ಖಾಲಿಯಾಗುತ್ತಿದೆ, ಕಳಿಸುತ್ತೇವೆ ಎಂದರು ಅಲ್ಲಿನವರು. ಹುಡುಗಿ ಇನ್ನೂ ತಾನೇ ಉಸಿರಾಡುತ್ತಿದ್ದಳು. ಯಂತ್ರ ಇಲ್ಲದೆ ಕೊಳವೆ ಹಾಕಿದರೆ ಒಬ್ಬರು ನಿಂತಲ್ಲೇ ನಿಂತು ಕೈಯಿಂದ ಬ್ಯಾಗ್ ಒತ್ತುತ್ತಿರಬೇಕು. ಹೊರಗೆ ಮತ್ತೆ ಮೂರು ಸ್ಟ್ರೆಚರ್ ಬಂದು ನಿಂತಿದ್ದವು. ಅಣ್ಣ ಯಂತ್ರಕ್ಕೆ ಕಾದರು.

ಹುಡುಗಿ ಏನೋ ಅಂದಳು. ನಾನು ಬಗ್ಗಿ ಕೇಳಿದೆ. ನಮ್ಮಪ್ಪ ಹೊರಗ ಅದಾನೇನ್ರಿ, ಎಂದಳು. ಅಣ್ಣನಿಗೆ ಹೇಳಿದೆ. ಅವರು ಮಹಬೂಬ್ ಭಾಯಿಯನ್ನು ಕಳಿಸಿ ತಂದೆಯನ್ನು ಒಳಗೆ ಕರೆಸಿ ಗೋಡೆಯ ಬದಿಗೆ ನಿಲ್ಲಿಸಿದರು. ಅಷ್ಟರಲ್ಲಿ ಅವಳಿಗೆ ವಾಂತಿ ಬಂತು. ಉಗುಳಲು ಗಂಟಲಿನಲ್ಲಿ ಶಕ್ತಿಯಿರಲಿಲ್ಲ. ಉಸಿರು ನಿಂತಿತು. ಅಣ್ಣ ಬೆನ್ನ ಹಿಂದಿನ ಕೈ ಬಿಟ್ಟು ತಲೆಯ ಕಡೆಗೆ ಬಂದರು. ಹಾಗೆ ಅವರು ಜಾಗ ಬಿಟ್ಟದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಕೊಳವೆ ಹಾಕಿದರು. ನಾನು ಬ್ಯಾಗ್ ಒತ್ತಿದೆ. ಎದೆ ಒತ್ತುವುದನ್ನು ಸುವಾರ್ತಮ್ಮ, ಮಹಬೂಬ್ ಭಾಯಿ, ಅಣ್ಣ ಸರದಿಯಂತೆ ಮಾಡಿದರು. ಬಹಳ ಹೊತ್ತು ಮಾಡಿದರು. ಅವಳು ಮರಳಲಿಲ್ಲ. ಐಸಿಯುನ ಯಂತ್ರ ಬಾಗಿಲ ಬಳಿ ಬಂದಾಗ ಅಣ್ಣ ತಂದೆಯ ಎದುರು ನೆಲದ ಮೇಲೆ ಕೂತಿದ್ದರು.

ಪ್ರೊಫೆಸರ್ ರೌಂಡ್ಸಿಗೆ ಬಂದದ್ದು ಆ ಹೊತ್ತಿಗೆ. ಅಣ್ಣ ಅವರನ್ನು ಕಟ್ಟೆಗೆ ಕರೆದರು. ಪ್ರೊಫೆಸರ್ ಕರವಸ್ತ್ರ ಹಾಸಿ ಕೂತರು. ನಾವು ಸುತ್ತ ನಿಂತೆವು, ಯಾರೂ ಕೂರಲಿಲ್ಲ. ಯಾವಾಗಲೂ ಕೂರುತ್ತಿದ್ದ ಸುವಾರ್ತಮ್ಮನೂ ನಿಂತೇ ಇದ್ದರು. ನಿಯಮದ ಪ್ರಕಾರ ಪ್ರೊಫೆಸರ್ ಮೊದಲು ಮಾತಾಡಬೇಕಿತ್ತು. ಅಣ್ಣ ಅವರ ಮುಖ ನೋಡಿದರು. ಅವರು ಮುಂದುವರಿಸು ಎಂಬಂತೆ ಕೈಯಾಡಿಸಿದರು. ಅಣ್ಣ ಹೇಳಿದರು.

“ಆಕಿ ರೆಪ್ಪಿ ಇಳಿದಾಗ್ಲೇ ಟ್ಯೂಬ್ ಹಾಕಬೇಕಿತ್ತು. ನಾ ಕಾದೆ. ಅದು ನಂದು.”

ಯಂತ್ರದ ಮಾತು ಎತ್ತಲಿಲ್ಲ. ಕಟ್ಟೆಯ ಮೇಲೆ ಅದನ್ನು ಎತ್ತುವ ಹಾಗಿರಲಿಲ್ಲ. ಮುಂದೆ ನಾವು ಒಬ್ಬೊಬ್ಬರಾಗಿ ಹೇಳಬೇಕು, ಅಷ್ಟರಲ್ಲಿ ಪ್ರೊಫೆಸರ್ ಎದ್ದರು. ಅಣ್ಣನ ಭುಜ ತಟ್ಟಿ, ಚಾಲಾ ಬಾಗುಂದಿ, ಎಂದರು. ತುಂಬಾ ಚೆನ್ನಾಗಿದೆ, ಎಲ್ಲ ಕಡೆಯೂ ಹೀಗೆ ಇರಬೇಕು ಎಂದು ತೆಲುಗಿನಲ್ಲಿ ಹೇಳಿ ಕರವಸ್ತ್ರ ಕೊಡವಿ ಹೊರಟುಹೋದರು. ಅಣ್ಣನ ಮುಖದಲ್ಲಿ, ಆ ದುಃಖದ ನಡುವೆಯೂ, ಸಣ್ಣದೊಂದು ಸಮಾಧಾನ ಇತ್ತು. ಅದನ್ನು ನಾನು ನೋಡಿದೆ. ನೋಡಿರದಿದ್ದರೆ ಒಳ್ಳೆಯದಿತ್ತು.

ಹುಡುಗಿಯ ತಂದೆ ದೂರು ಕೊಡಲಿಲ್ಲ. ಅವನ ಸಂಬಂಧಿಕನೊಬ್ಬ ಒಬ್ಬ ಮುಖಂಡನನ್ನು ಕರೆತಂದ. ಗೇಟಿನ ಮುಂದೆ ಜನ ಕೂತರು, ಗಾಜು ಒಡೆಯಿತು, ಫೋನುಗಳಲ್ಲಿ ವಿಡಿಯೋ ಓಡಿತು. ಕಾಲೇಜಿಗೆ ಒಬ್ಬರ ಹೆಸರು ಬೇಕಾಯಿತು. ಸಮಿತಿ ಮಾಡಿದರು. ಸಮಿತಿ ವಿಭಾಗವನ್ನು ನೋಡಲು ಬರುವ ಮುಂಚೆಯೇ ಮೂಲೆಯ ವೆಂಟಿಲೇಟರ್ ರಿಪೇರಿಯಾಯಿತು. ಬೇಸಿಗೆಯಿಡೀ ಆಗದಿದ್ದುದು ಎರಡು ದಿನದಲ್ಲಿ ಆಯಿತು. ಅವರು ಬಂದಾಗ ಎರಡೂ ಓಡುತ್ತಿದ್ದವು. ಬೆಡ್‌ಶೀಟ್ ಕೂಡ ಒಗೆಯಲು ಹೋಗಿತ್ತು.

ಅಷ್ಟು ಹೊತ್ತಿಗೆ ನಮಗೆ ಗೊತ್ತಾಗಿತ್ತು: ಕಟ್ಟೆಯ ಮೇಲೆ ಅಣ್ಣ ಆಡಿದ ಮಾತನ್ನು ಪ್ರೊಫೆಸರ್ ಸಮಿತಿಗೆ ಹೇಳಿದ್ದಾರೆ. ತಡ ಮಾಡಿದ್ದನ್ನು ಅವನೇ ಒಪ್ಪಿಕೊಂಡಿದ್ದಾನೆ, ನನ್ನೆದುರೇ ಒಪ್ಪಿಕೊಂಡ ಎಂದಿದ್ದಾರೆ. ವಿಚಾರಣೆಯ ಹಿಂದಿನ ಸಂಜೆ ನಾವು ಅಣ್ಣನ ಹಾಸ್ಟೆಲ್ ಕೋಣೆಗೆ ಹೋದೆವು. ಆ ಮಾತು ಆಡಲೇ ಇಲ್ಲ ಎಂದುಬಿಡಿ ಎಂದು ಕೇಳಿಕೊಂಡೆವು. ಕಟ್ಟೆಯ ಹತ್ತಿರ ಇದ್ದವರೆಲ್ಲ ನಾವು, ನಾವೆಲ್ಲ ಹಾಗೇ ಹೇಳುತ್ತೇವೆ, ಎದುರಿಗೆ ಪ್ರೊಫೆಸರ್ ಒಬ್ಬರೇ. ಸುವಾರ್ತಮ್ಮ ಬೈಬಲ್ ಮುಟ್ಟಿ ಹೇಳಲೂ ಸಿದ್ಧ ಎಂದರು, ದೇವರ ಜೊತೆ ಆಮೇಲೆ ಮಾತಾಡಿಕೊಳ್ಳುತ್ತೇನೆ ಎಂದರು. ಕೊನೆಯ ಪರೀಕ್ಷೆ ಹತ್ತಿರವಿತ್ತು. ಅದಕ್ಕೆ ಕೂರಿಸುವುದೂ ಬಿಡುವುದೂ ಆ ಸಮಿತಿಯ ಕೈಯಲ್ಲಿತ್ತು.

ಅಣ್ಣ ಇಸ್ತ್ರಿ ಮಾಡುತ್ತಿದ್ದ ಅಂಗಿಯನ್ನು ಮಡಚಿಟ್ಟರು.

“ಅಂದಿದ್ದು ಅಂದಿಲ್ಲ ಅಂತ ನಾ ಅಂದ್ರ, ನಾಳೆ ಮಹಬೂಬ್ ಭಾಯಿ ಅಲ್ಲಿ ಕುಂತು ಬಾಯಿ ತೆಗೀತಾನೇನೋ ಆಚಾರಿ?”

ಮರುದಿನ ನನ್ನನ್ನೂ ಸುವಾರ್ತಮ್ಮನನ್ನೂ ವಿಚಾರಣೆಯ ಕೋಣೆಯಲ್ಲೇ ಗೋಡೆಯ ಬದಿಯ ಕುರ್ಚಿಗಳಲ್ಲಿ ಕೂರಿಸಿದ್ದರು. ಪ್ರೊಫೆಸರ್ ಎದುರು ಸಾಲಿನಲ್ಲಿದ್ದರು. ಹೀಗೆ ಅಂದಿದ್ದು ನಿಜವೇ ಎಂದು ಸಮಿತಿಯವರು ಕೇಳಿದರು. ನಿಜ ಎಂದರು ಅಣ್ಣ. ಯಾಕೆ ಕಾದೆ ಎಂದರು. ಯಂತ್ರ ಇರಲಿಲ್ಲ ಎಂದರು ಅಣ್ಣ. ಹಾಗಾದರೆ ಅದನ್ನು ಆವತ್ತೇ ಯಾಕೆ ಹೇಳಲಿಲ್ಲ, ಈಗ ನೆನಪಾಯಿತೇ ಎಂದರು. ಅಲ್ಲಿ ತನ್ನ ಕೈಯದನ್ನು ಮಾತ್ರ ಹೇಳುವ ಪದ್ಧತಿ ಎಂದು ಅಣ್ಣ ಹೇಳಿದಾಗ ಸಮಿತಿಯಲ್ಲಿ ಒಬ್ಬರು ನಕ್ಕರು. ನಾನು ಎದ್ದು ನಿಂತು, ಯಂತ್ರ ಬೇಸಿಗೆಯಿಂದ ಕೆಟ್ಟಿತ್ತು, ಪ್ರೊಫೆಸರಿಗೆ ಹೇಳಿದಾಗ ನಾನು ಜೊತೆಗಿದ್ದೆ ಎಂದೆ. ಅಧ್ಯಕ್ಷರು ಪ್ರೊಫೆಸರ್ ಕಡೆ ನೋಡಿದರು. ತಮ್ಮ ಗಮನಕ್ಕೆ ಬಂದಿರಲಿಲ್ಲ ಎಂದು ಅವರು ಮೃದುವಾಗಿಯೇ ಹೇಳಿದರು. ಸುವಾರ್ತಮ್ಮ ಎದ್ದರು. ನಿಮ್ಮನ್ನು ಕೇಳಿದಾಗ ಹೇಳಿ ಎಂದು ಕೂರಿಸಿದರು. ಆಮೇಲೆ ಕೇಳಲೇ ಇಲ್ಲ.

ಅಣ್ಣನನ್ನು ಪರೀಕ್ಷೆಗೆ ಕೂರಿಸಲಿಲ್ಲ. ಇನ್ನೊಂದು ವರ್ಷ ಅದೇ ಪ್ರೊಫೆಸರ್ ಕೈಕೆಳಗೆ ಕೆಲಸ ಮಾಡಿ ಯೋಗ್ಯತಾಪತ್ರ ಪಡೆಯಬೇಕೆಂದರು. ಅಣ್ಣ ಮಾಡಲಿಲ್ಲ. ಗುಂತಕಲ್ಲಿನಲ್ಲಿ ಯಾವುದೋ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರ್ ಆದರು. ನಾನು ಫೋನ್ ಮಾಡಿದಾಗಲೆಲ್ಲ ನನ್ನ ಕೇಸುಗಳನ್ನು ಕೇಳುತ್ತಿದ್ದರು, ತಮ್ಮದನ್ನು ಹೇಳುತ್ತಿರಲಿಲ್ಲ. ಪ್ರೊಫೆಸರ್ ಬಗ್ಗೆ ನಾನು ಕೆಟ್ಟ ಮಾತಾಡಿದರೆ ಮತ್ತೆ ನನ್ನ ಕೇಸಿಗೇ ಮಾತು ತಿರುಗಿಸುತ್ತಿದ್ದರು. ಕಟ್ಟೆಯ ಮೇಲೆ ಮತ್ತೆ ಯಾರೂ ಕೂರಲಿಲ್ಲ. ಮಹಬೂಬ್ ಭಾಯಿಯ ಬಾಯಿ ತೆರೆದಿರಲೆಂದು ಅಣ್ಣ ಪರೀಕ್ಷೆ ಬಿಟ್ಟುಕೊಟ್ಟರು. ಮಹಬೂಬ್ ಭಾಯಿ ಆಮೇಲೆ ಯಾವ ಡಾಕ್ಟರಿಗೂ ಏನನ್ನೂ ಹೇಳಿದ್ದನ್ನು ನಾನು ಕೇಳಿಲ್ಲ.

ಕೆಲವು ವರ್ಷಗಳ ನಂತರ ಕರ್ನೂಲಿನ ಒಂದು ವೈದ್ಯರ ಸಭೆಯಲ್ಲಿ ಪ್ರೊಫೆಸರ್ ಭಾಷಣ ಮಾಡಿದರು. ಕಿರಿಯರು ತಪ್ಪನ್ನು ನಿರ್ಭಯವಾಗಿ ಹೇಳಿಕೊಳ್ಳುವ ವಾತಾವರಣವನ್ನು ತಮ್ಮ ವಿಭಾಗದಲ್ಲಿ ಹೇಗೆ ಕಟ್ಟಿದೆವು ಎಂಬ ವಿಷಯ. ಪರದೆಯ ಮೇಲೆ ನೀರಿನ ಟ್ಯಾಂಕಿನ ಕಟ್ಟೆಯ ಚಿತ್ರವಿತ್ತು. ಯಾರೂ ಕೂತಿರದ ಕಟ್ಟೆ. ಚಪ್ಪಾಳೆ ಬಿತ್ತು. ನಾನು ಮಧ್ಯದ ಸಾಲಿನಲ್ಲಿದ್ದೆ, ಎದ್ದು ಹೊರಗೆ ಬಂದೆ.

ಆ ವರ್ಷವೇ ಅಣ್ಣ ತೀರಿಕೊಂಡರು. ಡ್ಯೂಟಿ ಮುಗಿಸಿ ಬೈಕಿನಲ್ಲಿ ಊರಿಗೆ ಹೊರಟಿದ್ದಾಗ ಹತ್ತಿಯ ಲಾರಿ. ಚಿಪ್ಪಗಿರಿ ಕಡೆಯ ಅವರ ಹಳ್ಳಿಗೆ ನಾನು ಮೊದಲ ಸಲ ಹೋಗಿದ್ದು ಹಾಗೆ. ಅವರ ತಂದೆ ಮನೆಯ ಹೊರಗೆ ಕಂಬಳಿಯ ಮೇಲೆ ಕೂತಿದ್ದರು. ನನ್ನ ಹೆಸರು ಹೇಳಿದೆ, ಗುರುತಾಗಲಿಲ್ಲ. ಆದೋನಿ ಎಂದೆ.

“ಆಚಾರಿ ಅಂತಿದ್ನಲ್ಲ, ನೀನ ಏನಪ್ಪ ಅಂವ?”

ಹೌದೆಂದೆ. ಕೂರಿಸಿಕೊಂಡರು. ನಿಮ್ಮ ದವಾಖಾನ್ಯಾಗ ನನ್ನ ಮಗ ಏನು ತಪ್ಪು ಮಾಡಿದ್ದ, ಎಂದು ಕೇಳಿದರು. ಏನೂ ಮಾಡಿರಲಿಲ್ಲ ಎಂದೆ. ಅವರು ನನ್ನ ಮುಖವನ್ನು ನೋಡಿದರು, ಸುಳ್ಳು ಹೇಳುವ ಹುಡುಗನನ್ನು ನೋಡುವ ಹಾಗೆ.

“ಇಲ್ಲಪ್ಪ. ಅವ್ನ ಬಾಯಿಲೇ ಹೇಳ್ಯಾನ. ಒಂದು ಹುಡಿಗಿ ಸತ್ತಾಳಪ್ಪ, ನಾ ಕಾದೆ ಅಂತ ಹೇಳ್ಯಾನ.”

ಯಂತ್ರದ ಕಥೆಯನ್ನು ನಾನು ಮೊದಲಿಂದ ಹೇಳಿದೆ. ಅವರು ಪೂರ್ತಿ ಕೇಳಿದರು. ಮತ್ತ ಅಂವ ಯಾಕ ಇದನ್ನ ನಮಗ ಹೇಳ್ಲಿಲ್ಲ, ಎಂದರು.

ಈಗ ನಾನೂ ಕಿರಿಯರಿಗೆ ಕಲಿಸುತ್ತೇನೆ, ಬೇರೆ ಊರಿನಲ್ಲಿ. ಹೆಸರು ಹಿಡಿದು ಕರೆಯಲು ಹೇಳಿಕೊಡುತ್ತೇನೆ, ಕಾಲ ಕಡೆ ನಿಲ್ಲಿಸುತ್ತೇನೆ. ನನ್ನ ಕೈಯಲ್ಲಿರುವ ವಿದ್ಯೆ ಅವರದು. ತಪ್ಪು ಹೇಳಿ ಎಂದು ಮಾತ್ರ ಇದುವರೆಗೆ ಯಾರನ್ನೂ ಎಲ್ಲಿಯೂ ಕೂರಿಸಿಲ್ಲ. ಕೇಳಿಸಿಕೊಂಡವರು ಆ ಮಾತನ್ನು ಎಲ್ಲಿಗೆ ಒಯ್ಯುತ್ತಾರೆಂದು ನನಗೆ ಗೊತ್ತಿಲ್ಲ.

ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದಿದ್ದ ಯಂತ್ರವನ್ನು ನೋಡಿದವರಲ್ಲಿ ಬದುಕಿರುವವರು ಇವರು. ಸಿಸ್ಟರ್ ಸುವಾರ್ತಮ್ಮ, ನಿವೃತ್ತರಾಗಿ ಆದೋನಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಮಹಬೂಬ್ ಭಾಯಿ, ಇನ್ನೂ ಅದೇ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಾರೆ. ಗೋಡೆಯ ಬದಿಗೆ, ಆ ಯಂತ್ರದ ಪಕ್ಕದಲ್ಲೇ ನಿಂತಿದ್ದ ಹುಡುಗಿಯ ತಂದೆ. ಅದು ಏನೆಂದು ಅವನಿಗೆ ಆವತ್ತು ಗೊತ್ತಿರಲಿಲ್ಲ, ಆಮೇಲೆ ಯಾರೂ ಹೇಳಿಲ್ಲ. ನಾನು. ಮತ್ತು ಪ್ರೊಫೆಸರ್. ಅವರು ಆರೋಗ್ಯವಾಗಿದ್ದಾರೆ.